ಒಂಬತ್ತನೆಯ ಸುತ್ತು

ಪುಣೆ ಪಕ್ಕದ ಹಿಂಜವಾಡಿಯ ಕಾರ್ಯಕ್ರಮದಲ್ಲಿ ನಮ್ಮ ಹಾಡುಗಾರ ಗುರುನಾಥ ತಪ್ಪಲಿಲ್ಲ. ನಾನು ತಪ್ಪಿದೆ. ಅವನಿಗೆ ವಯಸ್ಸಾಗಿ ಲೆಕ್ಕ ತಪ್ಪಿತು ಎಂದು ಕೆಲವರು ಇವತ್ತಿಗೂ ಹೇಳುತ್ತಾರೆ, ಕಂಪ್ಯೂಟರ್ ಕೈಕೊಟ್ಟಿತು ಎಂದು ಇನ್ನು ಕೆಲವರು. ಎರಡೂ ಸುಳ್ಳು. ಕಂಪ್ಯೂಟರ್ ಚೆನ್ನಾಗಿತ್ತು, ಗುರುನಾಥ ಅದಕ್ಕಿಂತ ಚೆನ್ನಾಗಿದ್ದ. ಇಪ್ಪತ್ತೆರಡು ವರ್ಷ ಅವನನ್ನು ಕೆಡಿಸಿದವಳೂ ನಾನೇ, ಅವನು ನೆಟ್ಟಗಾದ ದಿನ ಅವನನ್ನು ಬೀಳಿಸಿದವಳೂ ನಾನೇ.

ಹೇಗೆ ಎಂದು ಹೇಳುವ ಮೊದಲು ಕೆಲಸ ಏನೆಂದು ಹೇಳಬೇಕು. ನಾನು ಶರಣಮ್ಮ. ಮೂವತ್ತಾರು ವರ್ಷ ಊರೂರು ತಿರುಗುವ ಬ್ಯಾಂಡಿನಲ್ಲಿ ಡ್ರಮ್ ಬಾರಿಸಿದೆ. ಮೊದಲು ಅದಕ್ಕೆ ಆರ್ಕೆಸ್ಟ್ರಾ ಎನ್ನುತ್ತಿದ್ದರು, ಕೊನೆಯ ಆರು ವರ್ಷ ರಾಕ್ ಬ್ಯಾಂಡ್ ಎಂದರು. ಓದಿದ್ದು ನಾಲ್ಕನೆಯ ತರಗತಿ. ಈಗ ಪುಣೆಯ ಕೊಂಢವಾದಲ್ಲಿರುವ ನಮ್ಮ ಮನೆಗೆ ನಾಲ್ಕಾರು ಹುಡುಗಿಯರು ಕಲಿಯಲು ಬರುತ್ತಾರೆ. ಅವರಿಗೆ ಡ್ರಮ್ಮರ್ ಎಂದರೆ ಬಣ್ಣದ ದೀಪ, ಹೊಗೆ, ಕೂದಲು ಬಿಟ್ಟುಕೊಂಡು ತಲೆ ಕೊಡವುವುದು. ಅದಲ್ಲ ಎಂದು ಬಾಯಲ್ಲಿ ಹೇಳಿದರೆ ನಗುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ಕಾಗುಣಿತವನ್ನು ಮೊಮ್ಮಗಳು ನೋಡಿದ್ದಾಳೆ, ಉಳಿದದ್ದನ್ನು ಮುಟ್ಟಬೇಡ ಎಂದಿದ್ದೇನೆ.

ನಮ್ಮಪ್ಪ ಕಲಬುರಗಿ ಕಡೆಯವನು. ಊರಲ್ಲಿ ಹಲಗೆ ಬಾರಿಸುತ್ತಿದ್ದ, ಪುಣೆಗೆ ಬಂದ ಮೇಲೆ ಕಟ್ಟಡಗಳಿಗೆ ಕಲ್ಲು ಒಡೆದ. ಎರಡಕ್ಕೂ ಮಣಿಕಟ್ಟು ಸಡಿಲ ಇರಬೇಕು ಎನ್ನುತ್ತಿದ್ದ. ಅವನು ನನಗೆ ಕಲಿಸಿದ್ದು ಅಷ್ಟೇ. ನಮ್ಮ ಓಣಿಯ ಗಣಪತಿ ಮೆರವಣಿಗೆಯಲ್ಲಿ ಹೆಂಗಸರು ಆರತಿ ತಟ್ಟೆ ಹಿಡಿಯುತ್ತಿದ್ದರು. ಒಂದು ವರ್ಷ ನಾನು ತಟ್ಟೆಯನ್ನು ಪಕ್ಕದವಳ ಕೈಗೆ ಕೊಟ್ಟು, ಎರಡು ಕಡ್ಡಿಯಿಂದ ಬಾರಿಸುವ ತಾಶಾವನ್ನು ಕೊರಳಿಗೆ ಹಾಕಿಕೊಂಡೆ. ಆಗ ನನಗೆ ಇಪ್ಪತ್ತಾರು, ಎರಡು ಮಕ್ಕಳಿದ್ದವು. ಅದನ್ನು ನೋಡಿದ ವಸಂತರಾವ್ ಮರುವಾರ ಮನೆಗೆ ಬಂದರು. ಅವರು ಒಂದು ಆರ್ಕೆಸ್ಟ್ರಾದ ಮಾಲೀಕರು, ಮರಾಠಿಯವರು, ಹಾರ್ಮೋನಿಯಂ ನುಡಿಸುತ್ತಿದ್ದರು.

ಅವರಿಗೆ ನನ್ನ ಕೈ ಬೇಕಾಗಿರಲಿಲ್ಲ, ಸೀರೆ ಬೇಕಾಗಿತ್ತು. ಪೋಸ್ಟರಿನಲ್ಲಿ 'ಲೇಡೀಸ್ ಡ್ರಮ್ಮರ್' ಎಂದು ಹಾಕಿದರೆ ಜನ ಬರುತ್ತಾರೆ ಎಂಬುದು ಅವರ ಲೆಕ್ಕ. ನನ್ನ ಗಂಡ ಕಟ್ಟಡಗಳಿಗೆ ಬಣ್ಣ ಹೊಡೆಯುವವನು, ಹೂಂ ಎಂದ. ಅತ್ತೆ ಎನ್ನಲಿಲ್ಲ.

"ಹೆಣ್ಮಗಳು ಮಂದಿ ಮುಂದ ಹಂಗ ಕಾಲು ಅಗಲ ಮಾಡ್ಕೊಂಡು ಕುಂದ್ರೂದಂದ್ರ ಏನದು?"

"ಬೀಸೂ ಕಲ್ಲಿನ ಮುಂದ ನೀವು ಹ್ಯಾಂಗ ಕುಂದರ್ತಿದ್ರಿ ಅತ್ತಿ?"

"ಅಲ್ಲಿ ಟಿಕೀಟು ತಗೊಂಡು ಯಾರೂ ನೋಡ್ತಿರಲಿಲ್ಲ" ಎಂದಳು ಅತ್ತೆ. ನಾನು ಸೀರೆಯನ್ನು ಕಚ್ಚೆ ಹಾಕಿ ಉಟ್ಟುಕೊಂಡು ಹೋದೆ.

ಮೊದಲ ಎಂಟು ತಿಂಗಳು ನಾನು ಬಾರಿಸಲೇ ಇಲ್ಲ. ನನ್ನ ಡ್ರಮ್ಮುಗಳ ಹೊಟ್ಟೆಯಲ್ಲಿ ಹಳೆ ಕೌದಿ ತುರುಕಿದ್ದರು, ಹೊಡೆದರೆ ಹಾಸಿಗೆ ಕೊಡವಿದಂತೆ ಸದ್ದು. ನಿಜವಾಗಿ ಬಾರಿಸುತ್ತಿದ್ದವನು ಜೋಸೆಫ್, ನನ್ನ ಹಿಂದಿನ ಪರದೆಯ ಹಿಂದೆ. ಅವನು ಹೊಡೆದಾಗ ನಾನು ಹೊಡೆಯಬೇಕು, ಅವನು ನಿಲ್ಲಿಸಿದಾಗ ನಿಲ್ಲಿಸಬೇಕು. ಒಂದು ಏಟು ಹಿಂದೆ ಬಿದ್ದರೆ ಜನಕ್ಕೆ ಗೊತ್ತಾಗುತ್ತದೆ. ಹಾಗಾಗಿ ಅವನು ಹೊಡೆಯುವ ಮೊದಲೇ ಅವನು ಏನು ಹೊಡೆಯುತ್ತಾನೆ ಎಂದು ತಿಳಿಯಲು ಕಲಿತೆ. ಯಾವ ಮಾಸ್ತರನೂ ಹಾಗೆ ಕಲಿಸಲಾರ.

ಬಾರಾಮತಿಯಲ್ಲಿ ಒಂದು ಸಂಜೆ ಗಾಳಿ ಎದ್ದು ಪರದೆ ಬಿದ್ದುಹೋಯಿತು. ಜೋಸೆಫ್ ಬನಿಯನ್, ಲುಂಗಿಯಲ್ಲಿ ಕೂತಿದ್ದ. ಯಾರು ನೋಡುತ್ತಾರೆ ಎಂದು ಅವನು ಯಾವತ್ತೂ ಅಂಗಿ ಹಾಕುತ್ತಿರಲಿಲ್ಲ. ಜನ ಸೀಟಿ ಹೊಡೆದರು, ಕೂಗಿದರು, ಒಬ್ಬ ಚಪ್ಪಲಿ ಕೈಗೆ ತೆಗೆದುಕೊಂಡ. ವಸಂತರಾವ್ ಹಾರ್ಮೋನಿಯಂ ಹಿಂದೆ ತಲೆ ತಗ್ಗಿಸಿದರು. ಜೋಸೆಫ್ ಎದ್ದು ಬಂದ, ಬನಿಯನ್ನಿನಲ್ಲೇ ಜನಕ್ಕೆ ಕೈಮುಗಿದ, ನನ್ನ ಡ್ರಮ್ಮುಗಳ ಹೊಟ್ಟೆಯಿಂದ ಒಂದೊಂದೇ ಕೌದಿ ಎಳೆದು ಹಾಕಿದ. "ಆತಾ ವಾಜವ್" ಎಂದ. ಈಗ ಬಾರಿಸು ಎಂದು. ಬಾರಿಸಿದೆ. ಚಪ್ಪಲಿಯವನು ಅದನ್ನು ಮತ್ತೆ ಕಾಲಿಗೆ ಹಾಕಿಕೊಂಡ.

ಆಮೇಲೆ ಜೋಸೆಫ್ ಗೋವಾಕ್ಕೆ ಹೋದ. ಹೋಗುವಾಗ ಡ್ರಮ್ಮಿನ ಚರ್ಮ ಬಿಗಿಮಾಡುವ ಪುಟ್ಟ ಚಾವಿಯನ್ನು ನನಗೆ ಕೊಟ್ಟ. ಅದನ್ನು ಮನೆ ಚಾವಿ, ಟ್ರಂಕಿನ ಚಾವಿಯ ಜೊತೆ ಸೊಂಟದ ಕೊಂಡಿಗೆ ಸಿಕ್ಕಿಸಿದೆ. ಹುಡುಗಿಯರೇ, ಈ ಚಾವಿಯನ್ನು ಚೀಲದಲ್ಲಿ ಇಡಬೇಡಿ. ಚೀಲ ಯಾವಾಗಲೂ ಹಿಂದಿನ ಟೆಂಪೋದಲ್ಲಿ ಬರುತ್ತದೆ.

ಇನ್ನೊಂದು: ಕಾಲಿನಿಂದ ಒದೆಯುವ ದೊಡ್ಡ ಡ್ರಮ್ ನುಣುಪು ನೆಲದ ಮೇಲೆ ಮುಂದೆ ಸರಿಯುತ್ತದೆ. ಪ್ರತಿ ಒದೆತಕ್ಕೆ ಒಂದು ಬೆರಳಷ್ಟು. ಅದನ್ನು ಹಗ್ಗದಿಂದ ನಿಮ್ಮ ಸ್ಟೂಲಿಗೆ ಕಟ್ಟಿ, ನಿಮ್ಮ ಭಾರವೇ ಅದನ್ನು ಹಿಡಿಯುತ್ತದೆ. ಸಾಂಗ್ಲಿಯ ಹೊಸ ಮದುವೆ ಛತ್ರದಲ್ಲಿ ನಾನು ಹಗ್ಗ ಮರೆತೆ. ಡ್ರಮ್ ಮುಂದೆ ಹೋಯಿತು, ನಾನು ಸ್ಟೂಲಿನ ಸಮೇತ ಕುಪ್ಪಳಿಸುತ್ತಾ ಅದರ ಹಿಂದೆ ಹೋದೆ. ಹಾಡು ಮುಗಿಯುವಾಗ ಹಾಡುವವಳ ಪಕ್ಕದಲ್ಲಿದ್ದೆ. ಜನ ಅದೂ ಕಾರ್ಯಕ್ರಮವೇ ಎಂದುಕೊಂಡು ಚಪ್ಪಾಳೆ ತಟ್ಟಿದರು. ವಸಂತರಾವ್ ಮಾತ್ರ ಮೀರಜ್ ದಾಟುವವರೆಗೆ ನನ್ನನ್ನು ಬೈದರು.

ಬೈಯುವುದರಲ್ಲಿ ಅವರು ಧಾರಾಳಿ, ಕಲಿಸುವುದರಲ್ಲಿ ಜಿಪುಣ. ನನಗೆ ಕಲಿಸಿದ್ದು ಒಂದೇ ಮಾತು: "ಗಾಣಾರ್‍ಯಾಚೀ ಪಾಠ ಬಘ್." ಹಾಡುವವನ ಬೆನ್ನು ನೋಡು. ಹಾಡುವವನ ಮುಖ ಜನಕ್ಕೆ, ಬೆನ್ನು ಡ್ರಮ್ಮರಿಗೆ. ಉಸಿರು ಸಾಕಾಗಿಲ್ಲವೋ, ಸಾಲು ಮರೆತಿದೆಯೋ, ಗಂಟಲು ಕೈಕೊಡುತ್ತಿದೆಯೋ, ಎಲ್ಲ ಬೆನ್ನಿನಲ್ಲಿ ಮೊದಲು ಕಾಣುತ್ತದೆ. ಆಗ ಡ್ರಮ್ಮರ್ ತಾಳದ ಒಂದು ಸುತ್ತು ಹೆಚ್ಚು ಬಾರಿಸಬೇಕು. ಗಿಟಾರಿನವನು, ಕೀಬೋರ್ಡಿನವನು ಎಲ್ಲರೂ ಡ್ರಮ್ಮರನ್ನೇ ನೋಡುತ್ತಿರುತ್ತಾರೆ, ಅವರೂ ಒಂದು ಸುತ್ತು ಹೆಚ್ಚು ನುಡಿಸುತ್ತಾರೆ. ಜನಕ್ಕೆ ಗೊತ್ತಾಗುವುದಿಲ್ಲ. ನಮ್ಮ ಕೆಲಸವೇ ಅದು.

ಗುರುನಾಥ ಬಂದದ್ದು ಆಮೇಲೆ. ವಿಜಯಪುರದವನು, ರಾಂಜಣಗಾಂವದ ಕಾರ್ಖಾನೆಯಲ್ಲಿ ಮಶೀನಿನ ಮೇಲೆ ಇದ್ದ. ಕಾರ್ಖಾನೆಯ ಗಣಪತಿಯ ಮುಂದೆ ಹಾಡಿದ್ದನ್ನು ವಸಂತರಾವ್ ಕೇಳಿ ಕರೆತಂದರು. ನನಗಿಂತ ಮೂರು ವರ್ಷ ಚಿಕ್ಕವನು, ನನ್ನನ್ನು ಅಕ್ಕಾ ಎಂದ. ದನಿ ದೊಡ್ಡದು, ಶ್ರುತಿ ಶುದ್ಧ. ಎಣಿಕೆ ಮಾತ್ರ ಇಲ್ಲವೇ ಇಲ್ಲ. ಹಾಡಿನ ನಡುವೆ ವಾದ್ಯಗಳು ಎಂಟು ಸುತ್ತು ನುಡಿಯುತ್ತವೆ, ಆಮೇಲೆ ಹಾಡುವವನು ಸೇರಬೇಕು. ಇವನು ಆರಕ್ಕೂ ಸೇರುತ್ತಿದ್ದ, ಹತ್ತಕ್ಕೂ ಸೇರುತ್ತಿದ್ದ. ವಸಂತರಾವ್ ಅವನನ್ನು ವಾಪಸು ಕಳಿಸುತ್ತೇನೆ ಎಂದರು.

ಆಗ ನಾನು ಒಂದು ಉಪಾಯ ಮಾಡಿದೆ. ಸುತ್ತು ಮುಗಿಯುವಾಗ ಬಲಗಡೆಯ ದೊಡ್ಡ ಡ್ರಮ್ಮಿನ ಮೇಲೆ ಧಡ್ ಧಡ್ ಎಂದು ಎರಡು ಏಟು ಹಾಕುತ್ತೇನೆ, ಅದು ಕೇಳಿದ ಕೂಡಲೇ ಹಾಡು ಎಂದೆ. ಅವನಿಗೂ ಸುಲಭ, ನನಗೂ ಸುಲಭ. ಸೇರುವ ಮೊದಲು ಉಸಿರು ಎಳೆಯುವಾಗ ಅವನ ಎಡ ಭುಜ ಮೇಲೆ ಹಾರುತ್ತಿತ್ತು. ಭುಜ ಹಾರಿತೋ, ಧಡ್ ಧಡ್. ಹಾರಲಿಲ್ಲವೋ, ಇನ್ನೊಂದು ಸುತ್ತು. ಇಪ್ಪತ್ತೆರಡು ವರ್ಷ, ಸೊಲ್ಲಾಪುರ, ಕೊಲ್ಹಾಪುರ, ಲಾತೂರ್, ಬೆಳಗಾವಿ, ನಾವು ಹೀಗೇ ಬದುಕಿದೆವು. ಅವನಿಗೆ ಸಹಾಯ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ. ಅವನ ಎಣಿಕೆಯನ್ನು ನಾನು ಎಣಿಸಿಬಿಟ್ಟರೆ ಅವನು ಯಾಕೆ ಕಲಿಯುತ್ತಾನೆ ಎಂದು ಒಮ್ಮೆಯೂ ಯೋಚಿಸಲಿಲ್ಲ.

ವಸಂತರಾವ್ ತೀರಿಕೊಂಡ ಮೇಲೆ ಬ್ಯಾಂಡನ್ನು ಪ್ರಣವ್ ನಡೆಸಿದ. ಮೈಸೂರಿನ ಹುಡುಗ, ಹಿಂಜವಾಡಿಯ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ, ಗಿಟಾರ್ ಚೆನ್ನಾಗಿ ನುಡಿಸುತ್ತಿದ್ದ. ಅವನ ಬಗ್ಗೆ ಕೆಟ್ಟದ್ದು ಹೇಳಲಾರೆ. ನನ್ನ ಮೊಣಕಾಲು ನೋವು ಕಂಡು ವೇದಿಕೆಗೆ ನನ್ನ ಸ್ಟೂಲನ್ನು ತಾನೇ ಹೊರುತ್ತಿದ್ದ. ಹಾಡುಗಳ ತಲೆಗೆ ದೊಡ್ಡ ಗಿಟಾರು, ಬಾಲಕ್ಕೆ ದೊಡ್ಡ ಡ್ರಮ್ ಹಾಕಿ ರಾಕ್ ಮಾಡಿದ. ಕಾಲೇಜುಗಳು ಕರೆಯತೊಡಗಿದವು. ಕೊನೆಗೆ ಒಂದು ದಿನ ನನ್ನ ಕಿವಿಗೆ ತಂತಿ ಸಿಕ್ಕಿಸಿದ.

"ಆಂಟಿ, ಇದಕ್ಕೆ ಕ್ಲಿಕ್ ಅಂತಾರೆ. ನಿಮ್ಗೊಬ್ರಿಗೇ ಕೇಳ್ಸುತ್ತೆ. ಟಕ್ ಟಕ್ ಅಂತಾನೇ ಇರುತ್ತೆ, ಅದ್ರ ಜೊತೆ ಬಾರಿಸ್ತಾ ಹೋಗಿ. ವೆರಿ ಸಿಂಪಲ್."

"ಮತ್ತ ಹಾಡಾಂವ ತಡಾ ಮಾಡಿದ್ರ?"

"ವಯಲಿನ್, ಕೋರಸ್ ಎಲ್ಲಾ ಕಂಪ್ಯೂಟರಲ್ಲಿ ಇರುತ್ತೆ ಆಂಟಿ. ಅದು ಯಾರಿಗೂ ಕಾಯಲ್ಲ."

"ಅಂದ್ರ ಭಾಳ ಕೆಟ್ಟ ಸಾಥಿ ಬಿಡು."

ಅವನು ನಕ್ಕ. ಆದರೆ ಸದ್ದು ಚೆನ್ನಾಗಿತ್ತು, ನಾನು ಸುಳ್ಳು ಹೇಳುವುದಿಲ್ಲ. ಆರು ಜನ ಅರವತ್ತು ಜನರಂತೆ ಕೇಳುತ್ತಿದ್ದೆವು. ಕೆಟ್ಟದ್ದು ಒಂದೇ. ಹೆಚ್ಚಿನ ಏಟು ಒಂದೂ ಬೇಡ ಎಂದು ಪ್ರಣವ್ ಹೇಳಿದ್ದ. ಧಡ್ ಧಡ್ ಹೋಯಿತು, ಹೆಚ್ಚಿನ ಸುತ್ತು ಹೋಯಿತು. ಮೊದಲ ತಾಲೀಮಿನಲ್ಲೇ ಗುರುನಾಥ ಬೆತ್ತಲಾದ. ಕೋರಸ್ ಒಂದು ಕಡೆ, ಅವನು ಒಂದು ಕಡೆ.

ಅದೇ ಹೊತ್ತಿಗೆ ಹನ್ನೊಂದು ಊರುಗಳ ಪ್ರವಾಸ ಗೊತ್ತಾಗಿತ್ತು. ಆ ಪಟ್ಟಿಯಲ್ಲಿ ವಿಜಯಪುರ ಇತ್ತು. ಇಷ್ಟು ವರ್ಷ ತಿರುಗಿದರೂ ನಮ್ಮ ಬ್ಯಾಂಡ್ ಅವನ ಊರಿಗೆ ಹೋಗಿರಲಿಲ್ಲ. ಪ್ರಣವ್ ಅವನನ್ನು ಪಕ್ಕಕ್ಕೆ ಕರೆದು, ಮೂರು ವಾರದ ನಂತರ ಹಿಂಜವಾಡಿಯ ಒಂದು ಕಂಪನಿಯ ವಾರ್ಷಿಕ ಸಮಾರಂಭವಿದೆ, ಅದನ್ನು ರೆಕಾರ್ಡ್ ಮಾಡುತ್ತೇವೆ, ಅಲ್ಲಿ ಸರಿಹೋದರೆ ಪ್ರವಾಸಕ್ಕೆ ಬನ್ನಿ, ಇಲ್ಲದಿದ್ದರೆ ಬೇರೆ ಹಾಡುಗಾರನನ್ನು ನೋಡುತ್ತೇನೆ ಎಂದ. ಕಠಿಣವಾಗಿ ಹೇಳಲಿಲ್ಲ. ಆದರೆ ಹೇಳಿದ.

ಗುರುನಾಥನನ್ನು ನಾನೇ ಮನೆಗೆ ಕರೆಸಿದೆ. ಪ್ರತಿ ಬೆಳಿಗ್ಗೆ ಬಂದು ನನ್ನ ಎದುರು ಚಾಪೆಯ ಮೇಲೆ ಕೂರುತ್ತಿದ್ದ. ನಾನು ಹಿಟ್ಟಿನ ಡಬ್ಬಿ ಬೋರಲು ಹಾಕಿ ತಾಳ ಹಾಕುತ್ತಿದ್ದೆ. ಹೆಬ್ಬೆರಳಿನಿಂದ ಬೆರಳ ಗೆಣ್ಣುಗಳನ್ನು ಮುಟ್ಟುತ್ತಾ ಸುತ್ತು ಎಣಿಸು ಎಂದೆ. ಬೆರಳಿಗೆ ಮೂರು ಗೆಣ್ಣು. ಮೂರನೆಯ ಬೆರಳಿನ ನಡುವಿನ ಗೆಣ್ಣು ಮುಟ್ಟಿದರೆ ಎಂಟು.

"ಅರವತ್ತು ಹತ್ತಿರ ಬಂದ ಮ್ಯಾಲ ಎಣಿಕಿ ಕಲಸ್ಲಿಕತ್ತೀಯಲ್ಲ ಅಕ್ಕಾ."

"ಇಷ್ಟು ವರ್ಷ ನಿನ್ನ ಪಾಲಿಂದೂ ನಾನ ಎಣಿಸೀನಿ. ನನಗ ಸಾಕಾಗ್ಯದ. ಎಣಸು."

"ಊರಾಗ ನನ್ನ ಜೋಡಿ ಸಾಲಿ ಕಲ್ತಾವ್ರು ಏನ್ ತಿಳ್ಕೊಂಡಾರ ಗೊತ್ತದ ಏನು? ಬ್ಯಾಂಡಿನ್ಯಾಗ ಇದ್ದೀನಿ ಅಂದ್ರ ಮದವಿ ಮುಂದ ತುತ್ತೂರಿ ಊದ್ತಾನ ಅಂತಾರ. ಒಮ್ಮೆ ಅವ್ರ ಮುಂದ ನಿಂತು ಹಾಡಬೇಕ ನಾ."

"ನಿಂದ್ರೀಯಂತ. ಏಳು ಆತು, ನೀ ಎಲ್ಲಿದ್ದಿ?"

ಹತ್ತು ದಿನಕ್ಕೆ ಕುದುರಿತು. ಎರಡು ವಾರಕ್ಕೆ ನಾನು ಡಬ್ಬಿ ನಿಲ್ಲಿಸಿದರೂ ಎಂಟಕ್ಕೆ ಸರಿಯಾಗಿ ಸೇರುತ್ತಿದ್ದ. ಮೂರನೆಯ ವಾರ ಮಾತಾಡುತ್ತಾ ಚಹಾ ಕುಡಿಯುತ್ತಾ ಸೇರುತ್ತಿದ್ದ. ಇಷ್ಟು ಸುಲಭವಿತ್ತು. ಇಪ್ಪತ್ತೆರಡು ವರ್ಷದ ಹಿಂದೆ ಒಂದು ಡಬ್ಬಿ ಬೋರಲು ಹಾಕಿದ್ದರೆ ಸಾಕಿತ್ತು.

ಹಿಂಜವಾಡಿಯಲ್ಲಿ ಕಾರ್ಯಕ್ರಮ ಮಧ್ಯಾಹ್ನ ನಾಲ್ಕಕ್ಕೆ, ಕಂಪನಿಯ ಅಂಗಳದಲ್ಲಿ. ಕೊರಳಲ್ಲಿ ಗುರುತಿನ ಚೀಟಿ ಹಾಕಿಕೊಂಡ ಹುಡುಗ ಹುಡುಗಿಯರು ಹುಲ್ಲಿನ ಮೇಲೆ ಕೂತಿದ್ದರು. ಆರು ಹಾಡು ನಿರಾಳವಾಗಿ ಹೋದವು. ಪ್ರತಿ ಸಲವೂ ಗುರುನಾಥನ ಎಡಗೈಯ ಹೆಬ್ಬೆರಳು ಗೆಣ್ಣಿನಿಂದ ಗೆಣ್ಣಿಗೆ ಹೋಗುವುದು ನನಗೆ ಕಾಣುತ್ತಿತ್ತು. ಪ್ರಣವ್ ತಿರುಗಿ ನನ್ನನ್ನು ನೋಡಿ ಹುಬ್ಬು ಹಾರಿಸಿದ.

ಏಳನೆಯದು, ಕೊನೆಯ ಹಾಡು. ಅದಕ್ಕೆ ಗುರುನಾಥ ಎರಡೂ ಕೈಯಲ್ಲಿ ಮೈಕ್ ಹಿಡಿದ, ಬೆರಳು ನನಗೆ ಮರೆಯಾಯಿತು. ನಡುವಿನ ವಾದ್ಯ ಶುರುವಾಯಿತು. ಐದು, ಆರು, ಏಳು. ಬೆರಳು ಕಾಣದ ಮೇಲೆ ಕಣ್ಣು ತಾನಾಗಿ ಭುಜಕ್ಕೆ ಹೋಯಿತು. ಎಂಟು ಮುಗಿಯುತ್ತಾ ಬಂತು. ಭುಜ ಹಾರಲಿಲ್ಲ.

ನನ್ನ ಕೈ ನನ್ನನ್ನು ಕೇಳಲಿಲ್ಲ. ಒಂಬತ್ತನೆಯ ಸುತ್ತಿಗೆ ಹೋಗಿಬಿಟ್ಟಿತು.

ಅವನು ಎಂಟಕ್ಕೆ ಸರಿಯಾಗಿ ಸೇರಿದ. ಎಣಿಸಲು ಬಂದವನು ಗಾಬರಿಯಲ್ಲಿ ಉಸಿರು ಎಳೆಯುವುದಿಲ್ಲ, ಏಳರಲ್ಲೇ ಮೆಲ್ಲಗೆ ತುಂಬಿಕೊಂಡಿರುತ್ತಾನೆ, ಭುಜ ಯಾಕೆ ಹಾರುತ್ತದೆ? ಮೂರು ವಾರ ಅವನು ನನ್ನ ಎದುರಿಗೆ ಕೂತು ಹಾಡಿದ್ದ, ಅವತ್ತಿನ ಆರು ಹಾಡಿಗೂ ನಾನು ಬೆರಳನ್ನೇ ನೋಡಿದ್ದೆ. ಅವನ ಹೊಸ ಬೆನ್ನನ್ನು ನಾನು ನೋಡಿಯೇ ಇರಲಿಲ್ಲ. ಗಿಟಾರ್ ನನ್ನ ಹಿಂದೆ ಒಂಬತ್ತಕ್ಕೆ ಬಂತು, ಕಂಪ್ಯೂಟರ್ ಅವನ ಜೊತೆ ಮುಂದೆ ಹೋಯಿತು. ಆ ಸುತ್ತಿನ ಕೊನೆಗೆ ನಾನು ಧಡ್ ಧಡ್ ಕೂಡ ಹೊಡೆದೆ. ಅದನ್ನು ಕೇಳಿ ಗುರುನಾಥ ಹಾಡುವುದನ್ನು ನಿಲ್ಲಿಸಿದ. ತನ್ನ ಎಣಿಕೆಗಿಂತ ನನ್ನ ಏಟನ್ನು ನಂಬಿದ. ಮೊದಲಿನಿಂದ ಸಾಲು ಎತ್ತಿಕೊಂಡ. ಆಗ ಕೋರಸ್ ಒಂದು ಕಡೆ, ನಾವು ಒಂದು ಕಡೆ ಆಗಿ ಹಾಡು ಕುಸಿದುಬಿತ್ತು.

ಅವನು ಮೈಕಿನಲ್ಲಿ ನಕ್ಕು, "ಮಾಫ್ ಕರಾ ಮಂಡಳಿ, ಮಾಝೀ ಚೂಕ್" ಎಂದ. ಕ್ಷಮಿಸಿ, ನನ್ನ ತಪ್ಪು ಎಂದು. ಹುಡುಗರು ಚಪ್ಪಾಳೆ ತಟ್ಟಿದರು. ಅವರಿಗೇನು.

ವೇದಿಕೆಯ ಹಿಂದೆ ಪ್ರಣವ್ ಅವನ ಹೆಗಲ ಮೇಲೆ ಕೈ ಇಟ್ಟ. "ಅಂಕಲ್, ನಂಗೂ ಬೇಜಾರಾಗ್ತಿದೆ. ಬಟ್ ಟೂರಲ್ಲಿ ಹಿಂಗಾದ್ರೆ ನಾನೇನ್ ಮಾಡ್ಲಿ? ಬೇರೆಯವ್ರನ್ನ ನೋಡ್ತೀನಿ."

"ಆತು ತಗೋರಿ. ತಪ್ಪು ನಂದ ಅದ" ಎಂದ ಗುರುನಾಥ.

ನಾನು ನಾಲ್ಕು ಹೆಜ್ಜೆ ದೂರದಲ್ಲಿ ಕೂತು ಸಿಂಬಲ್ಲಿನ ನಟ್ಟು ಬಿಚ್ಚುತ್ತಿದ್ದೆ. ಎಲ್ಲ ಕೇಳಿಸಿತು. ಬಾಯಿ ತೆರೆಯಲಿಲ್ಲ. ಮೂವತ್ತಾರು ವರ್ಷದಲ್ಲಿ ನಾನು ಮಾಡಿದ ದೊಡ್ಡ ತಪ್ಪು ಒಂಬತ್ತನೆಯ ಸುತ್ತಲ್ಲ, ಈ ನಟ್ಟು ಬಿಚ್ಚುತ್ತಾ ಕೂತದ್ದು. ಹೇಳಿದರೆ ನನ್ನನ್ನೂ ಮನೆಗೆ ಕಳಿಸುತ್ತಾರೆ ಎಂಬ ಭಯ, ಮತ್ತೇನಿಲ್ಲ.

ವಾಪಸು ಬರುವಾಗ ಟೆಂಪೋ ಟ್ರಾಫಿಕ್ಕಿನಲ್ಲಿ ನಿಂತಿತು. ಗುರುನಾಥ ನನ್ನ ಪಕ್ಕದಲ್ಲಿದ್ದ. ಬೆರಳ ಗೆಣ್ಣು ಮುಟ್ಟುತ್ತಾ ಇದ್ದ.

"ಅಕ್ಕಾ, ಖರೇ ಹೇಳು. ನಾ ಎಂಟಕ್ಕ ಬಂದಿನೋ ಇಲ್ಲೋ? ನನ್ನ ಲೆಕ್ಕದಾಗ ಎಂಟ ಆಗಿತ್ತು. ಎಲ್ಲಿ ತಪ್ಪಿದೆ ನಾ?"

"ತಲಿ ನೋಯಾಕತ್ತದ. ನಾಳಿ ಮಾತಾಡೋಣು" ಎಂದೆ.

ಕೊಂಢವಾ ನಾಕಾ ಬರುವವರೆಗೆ ಅವನ ಹೆಬ್ಬೆರಳು ಸುಮ್ಮನಾಗಲಿಲ್ಲ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟೆ. ಎರಡು ಬಸ್ಸು ಬದಲಿಸಿ ಹಿಂಜವಾಡಿಗೆ ಹೋಗಿ ಪ್ರಣವ್‌ನ ಫ್ಲಾಟಿನ ಬೆಲ್ಲು ಒತ್ತಿದೆ. ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಬಾಗಿಲು ತೆಗೆದ.

"ಆಂಟಿ? ಏನಾಯ್ತು?"

"ನಿನ್ನಿ ರೆಕಾರ್ಡಿಂಗ್ ಹಚ್ಚು. ಕೊನೀ ಹಾಡು. ಒಬ್ಬೊಬ್ಬರದ ಬ್ಯಾರೆ ಬ್ಯಾರೆ ಕೇಳತದ ಅಂದಿದ್ದಿ ಅಲ್ಲ?"

"ಕೇಳ್ಸುತ್ತೆ. ಯಾಕೆ?"

"ಗುರುನಾಥನ ದನಿ ಇಡು, ನಿನ್ನ ಕಂಪ್ಯೂಟರ್ ಇಡು. ನನ್ನ ಡ್ರಮ್ ತಗದ ಹಾಕು."

ಬಾಯಿ ತೊಳೆದು ಬಂದು ಕಂಪ್ಯೂಟರ್ ತೆರೆದ. ನಾನಿಲ್ಲದ ಹಾಡು ನುಡಿಯಿತು. ಐದು, ಆರು, ಏಳು, ಎಂಟು. ಗುರುನಾಥ ಕೂದಲೆಳೆಯಷ್ಟೂ ಅತ್ತಿತ್ತ ಆಗದೆ ಸೇರಿದ. ಪ್ರಣವ್ ಮತ್ತೊಮ್ಮೆ ಹಚ್ಚಿದ. ಮತ್ತೊಮ್ಮೆಯೂ ಅಷ್ಟೇ.

"ಈಗ ನನ್ನ ಡ್ರಮ್ ಹಚ್ಚು" ಎಂದೆ.

ಕೇಳಿದ. ತಿರುಗಿ ನನ್ನನ್ನು ನೋಡಿದ. "ನಿನ್ನೆನೇ ಹೇಳ್ಬಹುದಿತ್ತಲ್ಲ ಆಂಟಿ."

"ಹೇಳಬೇಕಿತ್ತು. ಅಂಜಿಕಿ ಬಂತು."

ಸೊಂಟದ ಕೊಂಡಿಯಿಂದ ಡ್ರಮ್ಮಿನ ಚಾವಿ ಬಿಚ್ಚಿದೆ. ಅಷ್ಟು ವರ್ಷದ ತುಕ್ಕು, ಬಿಚ್ಚಲು ಹೊತ್ತು ಹಿಡಿಯಿತು. ಕಂಪ್ಯೂಟರಿನ ಪಕ್ಕ ಇಟ್ಟೆ.

"ಆಂಟಿ, ಒಂದು ತಪ್ಪಿಗೆ ಯಾರಾದ್ರೂ ಬಿಟ್ಟು ಹೋಗ್ತಾರಾ?"

"ನಿನ್ನಿ ಅವಗ ನೀ ಏನಂದಿ?"

ಅವನು ಕಂಪ್ಯೂಟರ್ ಮುಚ್ಚಿದ.

"ನಿನ್ನ ಮ್ಯಾಲ ಸಿಟ್ಟಿಲ್ಲಪ್ಪಾ. ಟಕ್ ಟಕ್ ಕೇಳಿ ಬಾರ್ಸೋರು ನಿಮ್ಮ ಆಫೀಸಿನ್ಯಾಗ ಹತ್ತು ಮಂದಿ ಸಿಗ್ತಾರ. ನನ್ನ ಕಣ್ಣು ಬೆನ್ನು ನೋಡೂದು ಬಿಡಾಂಗಿಲ್ಲ. ಮತ್ತ ಹಿಂಗ ಮಾಡ್ತದ, ಅದೂ ವಿಜಯಪುರದಾಗ ಮಾಡ್ತದ."

"ಸರಿ, ಅಂಕಲ್‌ಗೆ ನಾನ್ ಈಗ್ಲೇ ಫೋನ್ ಮಾಡ್ತೀನಿ. ಟೂರ್‌ಗೆ ಅವ್ರೇ ಬರ್ತಾರೆ."

"ಮಾಡೀಯಂತ. ಮೊದಲ ನಾ ಮಾಡ್ತೀನಿ."

ಕೆಳಗಿಳಿದು ಬಸ್ ಸ್ಟಾಪಿಗೆ ಬಂದೆ. ಕಂಪನಿ ಗಾಡಿಗಳಿಗೆ ಕಾಯುವ ಹುಡುಗರ ನಡುವೆ ನಿಂತು ಗುರುನಾಥನಿಗೆ ಫೋನ್ ಹಚ್ಚಿದೆ. ಒಂದೇ ರಿಂಗಿಗೆ ಎತ್ತಿದ.

"ಗುರು, ನೀ ಎಂಟಕ್ಕ ಬಂದಿದ್ದಿ" ಎಂದೆ. "ಒಂಬತ್ತು ನಂದು."